ಅಶ್ವತ್ಥನ ಅರ್ಧ ಪಟ್ಟಿ

"ಇಷ್ಟು ಚಿಕ್ಕ ಬಾಗಿಲಲ್ಲಿ ನಾವು ಆರು ಜನ ಹೇಗಪ್ಪಾ ತೂರ್ತಿದ್ವಿ?"

ಕೇಳಿದವಳು ಜಲಜಾಕ್ಷಿ, ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ಹಳೆಯ ಕಂಪ್ಯೂಟರ್ ಆಟಗಳನ್ನು ಕಾಪಿಡುವ ಮೈಸೂರಿನ ಆಟಭಂಡಾರದ ಎರಡನೆಯ ಮಹಡಿಯ ಕೋಣೆಯಲ್ಲಿ ಬೆಳಗಿನ ಹತ್ತು ಗಂಟೆಗೆ ಇದ್ದದ್ದು ಒಂದು ಡುಬ್ಬಬೆನ್ನಿನ ಹಳೆಯ ಟೀವಿ, ಐವತ್ತೆರಡು ವರ್ಷ ವಯಸ್ಸಾದ ಒಂದು ಕಂಪ್ಯೂಟರು, ಮತ್ತು ಎಪ್ಪತ್ತಮೂರು ತುಂಬಿದ ಅವಳು. ಟೀವಿಯ ಗಾಜಿನ ಮೇಲೆ ಹಸಿರು ಗೆರೆಗಳಲ್ಲಿ ಒಂದು ಊರು ಓರೆಯಾಗಿ ಮಲಗಿತ್ತು. ಅದರ ಒಂದು ಬಾಗಿಲ ಮುಂದೆ ಉಗುರಿನಷ್ಟೆತ್ತರದ ಆರು ಜನ ಹೆಗಲ ಮೇಲೆ ಪೆಟ್ಟಿಗೆ ಹೊತ್ತು ಅವಳ ಅಪ್ಪಣೆಗೆ ಕಾದಿದ್ದರು.

ಅವಳ ಬೆರಳಿಗೆ ನೆನಪಿತ್ತು, ತಲೆಗೆ ಇರಲಿಲ್ಲ. ಸುಮ್ಮನೆ ಬೆರಳನ್ನು ಬಿಟ್ಟಳು. ಪೆಟ್ಟಿಗೆ ನೆಲಕ್ಕಿಳಿಯಿತು, ಒಬ್ಬ ಒಳಗೆ ಹೋದ, ಇನ್ನೊಬ್ಬ ಹೋದ, ಒಳಗಿನವರು ಎಳೆದರು, ಹೊರಗಿನವರು ತಳ್ಳಿದರು. ಓಹೋ, ಹೀಗೆ. ಹೊತ್ತುಕೊಂಡು ತೂರುವ ಬಾಗಿಲಲ್ಲ ಅದು, ಇಳಿಸಿ ದಾಟುವ ಬಾಗಿಲು.

ಆ ಆಟದ ಹೆಸರು 'ಆರು ಹೆಗಲು'. ಸಾವಿರದ ಒಂಬೈನೂರ ಎಂಬತ್ತೇಳರಲ್ಲಿ ಊರಿನ ಒಂದು ಪಾಲಿಟೆಕ್ನಿಕ್ಕಿನಲ್ಲಿ, ತರಗತಿ ಮುಗಿದ ಮೇಲೆ, ಆರು ಜನ ಸೇರಿ ಮಾಡಿದ್ದು. ಕಥೆ ಇಷ್ಟೇ: ಅಣೆಕಟ್ಟಿನ ನೀರು ಏರುತ್ತಿದೆ, ಊರು ಮುಳುಗುತ್ತಿದೆ, ಊರದೇವರ ಪೆಟ್ಟಿಗೆಯನ್ನು ಆರು ಜನ ಹೊತ್ತು ಮೇಲಿನ ದಂಡೆ ಮುಟ್ಟಿಸಬೇಕು. ಆ ಕಾಲದ ಬೇರೆ ಆಟಗಳಲ್ಲಿ ಒಬ್ಬ ವೀರ, ಒಂದು ಕತ್ತಿ, ಸಾಯಲಿಕ್ಕೆಂದೇ ಸಾಲುಗಟ್ಟಿ ಬರುವ ರಾಕ್ಷಸರು. ಇದರಲ್ಲಿ ಕತ್ತಿಯೇ ಇರಲಿಲ್ಲ. ಒಬ್ಬೊಬ್ಬರ ತಲೆಯ ಮೇಲೂ ಒಂದೇ ಒಂದು ಅಂಕಿ, ದಣಿವು. ಅದು ಏರುತ್ತಿತ್ತು, ಇಳಿಯುತ್ತಿತ್ತು, ಎಂದೂ ಸೊನ್ನೆ ಮುಟ್ಟುತ್ತಿರಲಿಲ್ಲ. ಇಪ್ಪತ್ತೊಂದರ ಹುಡುಗಿಯಾಗಿದ್ದಾಗ ಜಲಜಾಕ್ಷಿಗೆ ಅದೊಂದು ತಮಾಷೆಯ ಲೆಕ್ಕದಂತೆ ಕಂಡಿತ್ತು. ಈಗ ತೆರೆಯ ಮೇಲಿನ ಆ ಅಂಕಿಯನ್ನು ನೋಡಿದರೆ ಯಾರೋ ತನ್ನನ್ನು ಮುಂಚಿತವಾಗಿಯೇ ತೂಗಿಟ್ಟಿದ್ದರು ಅನ್ನಿಸುತ್ತಿತ್ತು.

ಊರನ್ನು ಹಾಗೆ ಓರೆಯಾಗಿ, ಮೂಲೆಯಿಂದ ಇಣುಕಿದ ಹಾಗೆ ಬಿಡಿಸಿದವಳು ಅವಳೇ. ಪ್ರೋಗ್ರಾಂ ಬರೆದ ಚಿನ್ನಸ್ವಾಮಿ ಚೌಕದ ಕಾಗದ ಕೊಟ್ಟು, ಇದರಲ್ಲಿ ಮನೆ ಬಿಡಿಸಿಕೊಡಮ್ಮ ಅಂದಿದ್ದ. ಮನೆಯ ಎತ್ತರವೂ ಕಾಣಬೇಕು, ಒಳಗಿನ ನೆಲವೂ ಕಾಣಬೇಕು. ನೇರ ಚೌಕದಲ್ಲಿ ಎರಡೂ ಒಟ್ಟಿಗೆ ಒಲಿಯಲಿಲ್ಲ. ಮಾರನೆಯ ಬೆಳಗ್ಗೆ ಅವಳು ಬಾಗಿಲಿಗೆ ಸಂದುಚುಕ್ಕಿಯ ರಂಗೋಲಿ ಇಡುತ್ತಿದ್ದಳು, ಒಂದು ಸಾಲಿನ ಎರಡು ಚುಕ್ಕಿಗಳ ಸಂದಿಗೆ ಮುಂದಿನ ಸಾಲಿನ ಚುಕ್ಕಿ ಬಂದು ಕೂರುವ ರಂಗೋಲಿ. ನೋಡುತ್ತಾ ನೋಡುತ್ತಾ ಆ ಚುಕ್ಕಿಗಳಲ್ಲೇ ನೆಲ, ಗೋಡೆ, ಮೆಟ್ಟಿಲು ಎದ್ದು ನಿಂತವು. ನೀರು ಚಿಮುಕಿಸಿದ್ದ ಅಂಗಳದಲ್ಲಿ ಒಂದಿಡೀ ಮನೆ ಬಿಡಿಸಿಬಿಟ್ಟಳು. ಹಾಲಿನವನು ಅದನ್ನು ತುಳಿಯದೆ ಸುತ್ತಿ ಬಂದ. ಆಮೇಲೆ ಎದುರಿನ ಗೋಡೆ ಒಳಗಿನವರನ್ನು ಮರೆಮಾಡುತ್ತದೆಂದು ಚಿನ್ನಸ್ವಾಮಿ ತಕರಾರು ತೆಗೆದಾಗ, ಆ ಒಂದು ಗೋಡೆಯನ್ನು ಮೊಣಕಾಲಿನ ಎತ್ತರಕ್ಕೆ ಕತ್ತರಿಸಿದಳು. ಈಗ ಆಟಗಳ ಚರಿತ್ರೆ ಬರೆಯುವವರು ಅದಕ್ಕೆಲ್ಲ ದೊಡ್ಡ ದೊಡ್ಡ ಹೆಸರಿಟ್ಟು ಪುಟಗಟ್ಟಲೆ ಹೊಗಳುತ್ತಾರಂತೆ. ಓದಲು ಅವಳಿಗೆ ಕಣ್ಣು ಸಾಲದು.

ಆರನೆಯವನು ಅವಳ ಅಣ್ಣ ಅಶ್ವತ್ಥ. ಅವನಿಗೆ ಕಂಪ್ಯೂಟರಿನ ಗಂಧವಿರಲಿಲ್ಲ. ರಾಮಮಂದಿರದಲ್ಲಿ ಸಂಜೆ ಹೊತ್ತು ಕಾವ್ಯವಾಚನ ಮಾಡುತ್ತಿದ್ದ. ಮುಗಿಸಿ, ತಂಗಿಯನ್ನು ಮನೆಗೆ ಕರೆದೊಯ್ಯಲು ಪಾಲಿಟೆಕ್ನಿಕ್ಕಿಗೆ ಬರುತ್ತಿದ್ದ. ಬಂದವನು ಬಾಗಿಲಲ್ಲಿ ನಿಂತ, ಆಮೇಲೆ ಕುಳಿತ, ಆಮೇಲೆ ಆಟಕ್ಕೆ ಪದ್ಯ ಬರೆದುಕೊಟ್ಟ. ಪದ್ಯದ ಜೊತೆ ಒಂದು ಕಟ್ಟಳೆಯನ್ನೂ ತಂದ. ವಾಚನಕ್ಕೆ ಕುಳಿತವರು ಸಾವಿನ ಪಕ್ಕದಲ್ಲಿ ಪುಸ್ತಕ ಮುಚ್ಚಬಾರದು. ಯುದ್ಧದಲ್ಲಿ ಯಾರೋ ಬಿದ್ದ ಜಾಗದಲ್ಲಿ ಹೊತ್ತಾಯಿತೆಂದು ಎದ್ದುಹೋಗುವಂತಿಲ್ಲ. ಗಂಟಲು ಬತ್ತಿದರೂ ಇನ್ನು ನಾಲ್ಕು ಪದ್ಯ ಓದಿ, ಒಂದು ಒಳ್ಳೆಯ ಮಾತು ಮುಟ್ಟಿ, ಮಂಗಳ ಹಾಡಿಯೇ ನಿಲ್ಲಿಸಬೇಕು. ಆಟದಲ್ಲೂ ಹಾಗೇ ಇರಲಿ ಅಂದ. ಅದರಿಂದಾಗಿ 'ಆರು ಹೆಗಲು' ಆಡುವವನು ತನಗೆ ಬೇಕೆಂದ ಕಡೆ ಆಟವನ್ನು ಉಳಿಸಿ ಏಳುವಂತಿರಲಿಲ್ಲ. ಜೊತೆಯವನು ಕೆಸರಲ್ಲಿ ಸಿಕ್ಕಿದ್ದರೆ ಅವನನ್ನು ಎತ್ತಬೇಕು, ಅತ್ತವರಿದ್ದರೆ ಸಂತೈಸಬೇಕು, ಎಲ್ಲರೂ ಒಂದು ಜಗಲಿ ಸೇರಬೇಕು. ಆಗ ತೆರೆಯ ಮೇಲೆ ಅಶ್ವತ್ಥನ ಅರ್ಧ ಪದ್ಯ ಮೂಡುತ್ತಿತ್ತು:

ಹಗಲು ಮುಗಿಯಿತು ದಾರಿ ಸವೆಯಿತು
ಹೆಗಲ ಹೊರೆಯನು ಮೆಲ್ಲನಿಳಿಸಿರಿ
ನಗುತ ಕುಳ್ಳಿರಿ ಆರು ಮಂದಿಯು ಒಂದೆ ದೀಪದಲಿ

ಆಮೇಲಷ್ಟೇ ಆಟವನ್ನು ಉಳಿಸಿಕೊಳ್ಳಲು ಕ್ಯಾಸೆಟ್ಟು ತಿರುಗಲು ಶುರು; ಆಗೆಲ್ಲ ಕಂಪ್ಯೂಟರಿನ ಲೆಕ್ಕವನ್ನು ಹಾಡಿನ ಕ್ಯಾಸೆಟ್ಟಿನಲ್ಲೇ ತುಂಬಿಡುತ್ತಿದ್ದರು.

ಒಂಬತ್ತೂವರೆಯ ಬಸ್ಸು ತಪ್ಪಿಸಿಕೊಂಡ ರಶೀದಾ ಅಷ್ಟರಲ್ಲಿ ಬಂದಳು. ಭಂಡಾರದ ಎಂಜಿನಿಯರು, ಮೂವತ್ತೈದರ ಹೆಂಗಸು, ಹಳೆಯ ಟೇಪುಗಳನ್ನು ಎಳೆಮಗುವಿನ ಹಾಗೆ ಎರಡೂ ಕೈಯಲ್ಲಿ ಹಿಡಿಯುತ್ತಿದ್ದಳು. ತಡವಾದದ್ದಕ್ಕೆ ಕ್ಷಮೆ ಕೇಳಿ, ಇವತ್ತು ಪಟ್ಟಿಯ ಕೆಲಸ ಶುರುಮಾಡೋಣವಾ ಮೇಡಂ ಎಂದಳು. ಜಲಜಾಕ್ಷಿ ಹೂಂ ಅಂದಳು. ಅವಳು ಮೂರು ಬಸ್ಸು ಬದಲಿಸಿ ಬರುತ್ತಿದ್ದದ್ದು ಅದಕ್ಕೇ.

ಪಟ್ಟಿಯ ವಿಷಯ ಹೇಳಬೇಕು. 'ಆರು ಹೆಗಲಿ'ನಲ್ಲಿ ಒಬ್ಬೊಬ್ಬ ಹೊರೆಗಾರನಿಗೂ ಚದುರಂಗದ ಹಾಗೆ ಅರವತ್ತನಾಲ್ಕು ಮನೆಗಳ ಒಂದು ಪಟ್ಟಿಯಿತ್ತು. ಆಡುವವನು ತನ್ನವನ ಪರವಾಗಿ ಯಾವುದಕ್ಕೆ ಒಪ್ಪಿದ, ಯಾವುದಕ್ಕೆ ಒಲ್ಲೆನೆಂದ, ಹೇಳುವ ಮುಂಚೆ ಎಷ್ಟು ಹೊತ್ತು ತಡೆದ ಎಂಬುದೆಲ್ಲ ಅದರಲ್ಲಿ ತುಂಬುತ್ತಿತ್ತು. ಒಂದು ಸಂಜೆ ಅವನು ಬಾರದೆ ಹೋದರೆ ಆಟ ಅವನ ಪಟ್ಟಿ ನೋಡಿಕೊಂಡು ಅವನಂತೆಯೇ ನಡೆಯುತ್ತಿತ್ತು. ಹೊರು ಅಂದರೆ ಒಬ್ಬ ಹೊರುತ್ತಿದ್ದ, ಇನ್ನೊಬ್ಬ ಗೊಣಗುತ್ತಿದ್ದ, ಮತ್ತೊಬ್ಬ ಕುಳಿತುಬಿಡುತ್ತಿದ್ದ. ಜಗತ್ತಿನಲ್ಲಿ ಎಲ್ಲೂ ಆಗ ಅಂಥದ್ದಿರಲಿಲ್ಲವೆಂದು ರಶೀದಾ ಹೇಳುತ್ತಿದ್ದಳು. ಇತ್ತೋ ಇಲ್ಲವೋ ಜಲಜಾಕ್ಷಿಗೆ ಗೊತ್ತಿಲ್ಲ. ಚಿನ್ನಸ್ವಾಮಿಗೆ ಜ್ವರ ಬಂದಿದ್ದ ದಿನ ತೆರೆಯ ಮೇಲಿನ ಚಿನ್ನಸ್ವಾಮಿ ಎಂದಿನಂತೆ ಎಲ್ಲರಿಗಿಂತ ಮುಂದೆ ನಡೆದು ಹಳ್ಳಕ್ಕೆ ಬಿದ್ದಾಗ ಎಲ್ಲರೂ ಹೊಟ್ಟೆ ಹಿಡಿದು ನಕ್ಕಿದ್ದು ಮಾತ್ರ ಗೊತ್ತು. ಈಗ ಚಿನ್ನಸ್ವಾಮಿಯಿಲ್ಲ, ಇನ್ನು ಮೂವರೂ ಇಲ್ಲ.

ಹಳೆಯ ಆಟಗಳ ಇಂಥ ಪಟ್ಟಿಗಳಿಗೆ ಬೆಲೆ ಬಂದದ್ದು 'ಪೂರಕ' ಎಂಬ ಯಂತ್ರ ಬಂದ ಮೇಲೆ. ಲಕ್ವ ಹೊಡೆದು ಮಾತು ಹೋದವರ ಪರವಾಗಿ ಮಾತಾಡುವ ಯಂತ್ರ ಅದು. ದನಿ ಹುಡುಕುವುದು ಕಷ್ಟವಾಗಿರಲಿಲ್ಲ; ಮದುವೆಯ ವಿಡಿಯೋ ಸಾಕು. ಸಿಗದೆ ಇದ್ದದ್ದು ಮನಸ್ಸು. ಮನುಷ್ಯ ಯಾವುದಕ್ಕೆ ಹೂಂ ಅಂದ, ಯಾವುದಕ್ಕೆ ಊಹೂಂ ಅಂದ ಎಂಬುದನ್ನು ಹೆಂಡತಿಯೂ ಬರೆದಿಡುವುದಿಲ್ಲ, ಮಕ್ಕಳೂ ಬರೆದಿಡುವುದಿಲ್ಲ. ಆಟಗಳು ಬರೆದಿಟ್ಟಿದ್ದವು. ಆ ಪಟ್ಟಿಯನ್ನು ಬೀಜದಂತೆ ಪೂರಕದೊಳಗೆ ಹಾಕಿದರೆ ಅದು ಉಳಿದ ಮನಸ್ಸನ್ನು ಊಹಿಸಿ ತುಂಬುತ್ತಿತ್ತು. ಸರ್ಕಾರದ ಕಾಗದದಲ್ಲಿ ಅದಕ್ಕೆ ಉದ್ದ ಹೆಸರಿತ್ತು. ಜನ ಬಾಯಿಪೆಟ್ಟಿಗೆ ಅನ್ನುತ್ತಿದ್ದರು.

ಅಶ್ವತ್ಥನಿಗೆ ಲಕ್ವ ಹೊಡೆದು ಮೂರು ವರ್ಷವಾಗಿತ್ತು. ಒಂದು ಕೈ, ಒಂದು ಕಾಲು ಕೊಂಚ ಮರಳಿ ಬಂದವು. ಮಾತು ಬರಲಿಲ್ಲ.

ಆದರೆ ಅವನ ಪಟ್ಟಿ ಅರ್ಧ ಮಾತ್ರ ಉಳಿದಿತ್ತು. ಅದಕ್ಕೆ ಕಾರಣವೂ ಅವನೇ. ಆಗ ಕ್ಯಾಸೆಟ್ಟಿಗೆ ಬಡತನ. ಆಟವನ್ನು ಕೊನೆಯ ಸಲ ಉಳಿಸುವ ದಿನ ಖಾಲಿ ಕ್ಯಾಸೆಟ್ಟು ಇರಲಿಲ್ಲ. ಅಶ್ವತ್ಥ ತನ್ನ ವಾಚನದ ಕ್ಯಾಸೆಟ್ಟು ಕೊಟ್ಟ. ಕಥೆ ಅಳಿಸಿದರೆ ಅಳಿಸಲಿ, ಮತ್ತೆ ಓದಬಹುದು. ಕೊನೆಯ ಮಂಗಳದ ಮೇಲೆ ಮಾತ್ರ ಬೇರೆ ಸದ್ದು ಕೂರಬಾರದು ಎಂದ. ಐವರ ಪಟ್ಟಿ ಟೇಪಿಗೆ ಇಳಿಯಿತು. ಆರನೆಯದು ಅವನದು. ಅದು ಅರ್ಧ ಇಳಿಯುವಷ್ಟರಲ್ಲಿ ಟೇಪಿನ ಎಣಿಕೆ ಮಂಗಳದ ಅಂಚಿಗೆ ಬಂತು. ಅಶ್ವತ್ಥ ತಾನೇ ಕೈಚಾಚಿ ಗುಂಡಿ ಒತ್ತಿ ನಿಲ್ಲಿಸಿದ. ಮಿಕ್ಕ ಮೂವತ್ತೆರಡು ಮನೆಗಳು ಖಾಲಿ ಉಳಿದವು. ಖಾಲಿ ಮನೆಯನ್ನು ಕಂಪ್ಯೂಟರು ಸೊನ್ನೆಯೆಂದು ಓದುತ್ತಿತ್ತು, ಚಿನ್ನಸ್ವಾಮಿಯ ಲೆಕ್ಕದಲ್ಲಿ ಸೊನ್ನೆಯೆಂದರೆ ಒಪ್ಪಿಗೆ. ಆಮೇಲೆ ಆ ಟೇಪಿನಿಂದ ಆಡಿದಾಗಲೆಲ್ಲ ತೆರೆಯ ಮೇಲಿನ ಅಶ್ವತ್ಥ ಹೇಳಿದ್ದಕ್ಕೆಲ್ಲ ಒಪ್ಪುತ್ತಿದ್ದ. ಆಟದಲ್ಲಾದರೂ ಇವನು ಹೇಳಿದ ಮಾತು ಕೇಳ್ತಾನಲ್ಲ ಎಂದು ಗೆಳೆಯರು ಚುಡಾಯಿಸುತ್ತಿದ್ದರು.

ಈಗ ಖಾಲಿ ಮನೆಗಳನ್ನು ಹಾಗೆಯೇ ಪೂರಕಕ್ಕೆ ಕೊಡುವಂತಿರಲಿಲ್ಲ. ಅಶ್ವತ್ಥನನ್ನು ಬಲ್ಲ ಒಬ್ಬರು ಕುಳಿತು, ಒಂದೊಂದು ಸಂದರ್ಭದಲ್ಲೂ ಅವನು ಏನು ಹೇಳುತ್ತಿದ್ದ ಎಂದು ತುಂಬಿಕೊಡಬೇಕು. ಅವನ ಸ್ವಭಾವ ಬಲ್ಲವರಲ್ಲಿ ಉಳಿದವಳು ಜಲಜಾಕ್ಷಿಯೊಬ್ಬಳೇ.

ಮೊದಲ ದಿನ ಹನ್ನೊಂದು ಮನೆ ತುಂಬಿತು. ಮುಳುಗುವ ಮನೆಯಿಂದ ಧಾನ್ಯ ತೆಗೆಯಲು ನಿಲ್ಲುತ್ತಾನೆಯೇ? ನಿಲ್ಲುತ್ತಾನೆ. ಜೊತೆಯವನ ತಪ್ಪನ್ನು ಮುಚ್ಚಿ ಸುಳ್ಳು ಹೇಳುತ್ತಾನೆಯೇ? ಜಲಜಾಕ್ಷಿ ಯೋಚಿಸಿದಳು. ಹೇಳುವುದಿಲ್ಲ, ಆದರೆ ತಪ್ಪನ್ನು ಎತ್ತಿ ಆಡುವುದೂ ಇಲ್ಲ. ಅದಕ್ಕೆ ಇಲ್ಲಿ ಮನೆಯಿಲ್ಲವಲ್ಲ ಎಂದಳು. ರಶೀದಾ ಪಕ್ಕದಲ್ಲಿ ಟಿಪ್ಪಣಿ ಬರೆದುಕೊಂಡಳು.

ಸಂಜೆ ಅವಳು ಮನೆ ಸೇರಿದಾಗ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅಶ್ವತ್ಥ ಬೆಳಗ್ಗೆ ಕೂರಿಸಿದ ಹಾಗೆಯೇ ಕುಳಿತಿದ್ದ. ಮಧ್ಯಾಹ್ನದ ಊಟ ಬಡಿಸಿ, ಹೊತ್ತುಹೊತ್ತಿಗೆ ಬಂದು ನೋಡಿಹೋಗುತ್ತಿದ್ದವಳು ಕೆಳಗಿನ ಮನೆಯ ಪುಟ್ಟಗೌರಮ್ಮ. ಜಲಜಾಕ್ಷಿ ಊಟ ಸೇರಿತಾ ಅಂದಳು, ಅಣ್ಣ ಹೌದೆಂದು ತಲೆಯಾಡಿಸಿದ. ಉಪ್ಪು ಸರಿಯಿತ್ತಾ? ತಲೆಯಾಡಿಸಿದ. ಕಾಲು ನೋಯ್ತಿದೆಯಾ? ಅದಕ್ಕೂ ಆಡಿಸಿದ. ನೋಯ್ತಾ ಇಲ್ವಾ? ಅದಕ್ಕೂ. ಮೂರು ವರ್ಷದಿಂದ ಹೀಗೇ. ಮೊದಲಲ್ಲಿ ಅವಳು ಅತ್ತಿದ್ದಳು, ಆಮೇಲೆ ರೇಗಿದ್ದಳು, ಈಗ ಎರಡಕ್ಕೂ ಶಕ್ತಿ ಉಳಿದಿರಲಿಲ್ಲ. ಹಾಡಿ ಹಾಡಿ ಬಾವಿಯಂತೆ ಆಳವಾಗಿದ್ದ ಗಂಟಲು ಅದು. ಈಗ ಅದರಿಂದ ನೀರು ಸೇದುವ ಹಗ್ಗವೇ ಇಲ್ಲ. ಅನ್ನ ಕಲಸುವಾಗ, ಬಟ್ಟೆ ಹಿಂಡುವಾಗ, ಮಾತ್ರೆ ಎಣಿಸುವಾಗ ಅವಳು ತನ್ನಷ್ಟಕ್ಕೆ ತಾನೇ ಮಾತಾಡುತ್ತಿದ್ದಳು. ಕೇಳಿಸಿಕೊಂಡವರು ಮುದುಕಿಗೆ ಅರಳುಮರಳು ಅಂದುಕೊಳ್ಳಬಹುದಿತ್ತು.

ಪುಟ್ಟಗೌರಮ್ಮ ಬೀದಿಯಲ್ಲಿ ಎಲ್ಲರಿಗಿಂತ ಮೊದಲು ಬಾಯಿಪೆಟ್ಟಿಗೆ ತಂದವಳು. ಅವಳ ಗಂಡ ನಂಜೇಗೌಡರಿಗೂ ಲಕ್ವ. ಅವರು ಮೊಬೈಲಿನಲ್ಲಿ ಹನ್ನೆರಡು ವರ್ಷ ಇಸ್ಪೀಟಾಡಿದ್ದರು. ಅವರ ಮನಸ್ಸನ್ನು ಭಂಡಾರದವರು ಅಲ್ಲಿಂದಲೇ ಎತ್ತಿದ್ದು. ಅದರಿಂದ ಗೌಡರ ಪೆಟ್ಟಿಗೆ ಗುಳಿಗೆ ತಗೋತೀರಾ ಅಂದರೆ ಇನ್ನೊಂದು ಎಲೆ ಬರಲಿ ಅನ್ನುತ್ತಿತ್ತು, ಡಾಕ್ಟರು ಬಂದರೆ ಕೈಯಲ್ಲಿರೋದನ್ನ ಬಿಟ್ಟುಕೊಡದೆ ನಗುತ್ತಿತ್ತು.

"ನಿಮಗೆ ಬೇಜಾರಾಗಲ್ವಾ ಗೌರಮ್ಮ?" ಎಂದು ಜಲಜಾಕ್ಷಿ ಒಮ್ಮೆ ಕೇಳಿದ್ದಳು.

"ಬೇಜಾರ್ಯಾಕವ್ವಾ? ನಮ್ಮೆಜಮಾನ್ರು ಚೆಂದಾಗಿದ್ದಾಗ ಇಷ್ಟು ಮಾತೆಲ್ಲಿ ಆಡ್ತಿದ್ರು? ದಿನಕ್ಕೆ ನಾಕು ಮಾತು, ಅದ್ರಲ್ಲಿ ಎರಡು ಬೈಗುಳ. ಈಗ ನೋಡು, ಕೇಳಿದ್ದಕ್ಕೆ ಉತ್ರ ಬತ್ತದೆ."

"ಅವರೇ ಮಾತಾಡ್ದಂಗಿರತ್ತಾ?"

ಪುಟ್ಟಗೌರಮ್ಮ ಬಿಡಿಸಿದ ಸೊಪ್ಪನ್ನು ಮೊರಕ್ಕೆ ಹಾಕಿದಳು. "ಅವರು ಇಸ್ಪೀಟಾಡುವಾಗ ಹೆಂಗಿರ್ತಿದ್ರು ಅಂತ ನಂಗೆಲ್ಲಿ ಗೊತ್ತು ಬುಡವ್ವಾ? ಆಗ ನಾನು ಅಡುಗೆಮನೇಲಿರ್ತಿದ್ದೆ."

ಎರಡನೆಯ ವಾರಕ್ಕೆ ಪಟ್ಟಿ ಐವತ್ತು ದಾಟಿತು. ಮುಂದೆ ಮುಂದೆ ಪ್ರಶ್ನೆಗಳು ಭಾರವಾಗುತ್ತಿದ್ದವು. ಜಲಜಾಕ್ಷಿಗೆ ಬೆನ್ನು ನೋಯುತ್ತಿತ್ತು. ಐವತ್ತೇಳನೆಯ ಮನೆಯಲ್ಲಿ ತೆರೆಯ ಮೇಲೆ ಹೀಗೆ ಮೂಡಿತು: ಐವರೂ ಪೆಟ್ಟಿಗೆಯನ್ನು ಇಲ್ಲೇ ಬಿಟ್ಟು ಹೋಗೋಣ ಎನ್ನುತ್ತಾರೆ. ಆರನೆಯವನು ಒಪ್ಪುತ್ತಾನೆಯೇ?

ಅವಳ ಕೈ ಕೀಲಿಯ ಮೇಲೆ ನಿಂತಿತು. ರಶೀದಾ ಯಾವುದೋ ಫೋನಿಗೆಂದು ಹೊರಗೆ ಹೋಗಿದ್ದಳು.

ಎಂಬತ್ತೆಂಟರ ಬೇಸಿಗೆಯಲ್ಲಿ ಮುಂಬಯಿಯ ಒಂದು ಕಂಪನಿಯವನು ಪಾಲಿಟೆಕ್ನಿಕ್ಕಿಗೆ ಬಂದಿದ್ದ. ಆಟ ನೋಡಿ ಮೆಚ್ಚಿದ್ದ. ಓರೆನೋಟದ ಊರನ್ನು ಬಿಡಿಸಿದವಳು ಯಾರೆಂದು ಕೇಳಿ, ಜಲಜಾಕ್ಷಿಯನ್ನು ಮುಂಬಯಿಗೆ ಬಂದು ಕಂಪನಿಗೆ ಚಿತ್ರ ಬರೆಯುವಂತೆ ಕರೆದಿದ್ದ. ಅವನದು ಎರಡೇ ಷರತ್ತು. ಹೊರೆಗಾರರು ಹೇಳಿದ್ದನ್ನು ಕೇಳಬೇಕು, ದುಡ್ಡು ಕೊಟ್ಟು ಆಡುವವನಿಗೆ ಇಲ್ಲ ಅನ್ನಿಸಿಕೊಳ್ಳುವುದು ಬೇಕಿಲ್ಲ. ಮತ್ತೆ, ಆಟವನ್ನು ಎಲ್ಲಿ ಬೇಕಾದರೂ ನಿಲ್ಲಿಸಿ ಉಳಿಸುವಂತಿರಬೇಕು. ಆರು ಜನ ರುಜು ಹಾಕಬೇಕಿತ್ತು. ಐವರು ಹಾಕಿದರು. ಜಲಜಾಕ್ಷಿ ಎಲ್ಲರಿಗಿಂತ ಮೊದಲು ಹಾಕಿದಳು, ಅಷ್ಟು ಸಂತೋಷವಾಗಿತ್ತು. ಅಶ್ವತ್ಥ ಕಾಗದ ಓದಿ, ಮಡಿಸಿ, ಸತ್ತವನ ಪಕ್ಕದಲ್ಲಿ ಎದ್ದುಹೋಗುವ ಆಟಕ್ಕೆ ನನ್ನ ಪದ್ಯ ಬೇಡ ಎಂದು ಹೇಳಿ, ತಂಗಿಯನ್ನು ಮನೆಗೆ ಕರೆದುಕೊಂಡು ಹೊರಟ. ಕಂಪನಿಯವನು ಬೇರೆ ಆಟ ಹುಡುಕಿಕೊಂಡ. ಆರು ಜನ ಆರು ದಿಕ್ಕಾದರು. ಜಲಜಾಕ್ಷಿ ಮೂವತ್ತೊಂದು ವರ್ಷ ಒಂದು ಶಾಲೆಯಲ್ಲಿ ಡ್ರಾಯಿಂಗ್ ಮೇಡಂ ಆದಳು, ಮಾವಿನಹಣ್ಣು, ಬಾವುಟ, ಬೆಟ್ಟದ ಹಿಂದೆ ಸೂರ್ಯ ಬಿಡಿಸುವುದನ್ನು ಕಲಿಸಿದಳು. ಅಣ್ಣನನ್ನು ಅವಳು ಒಂದು ದಿನವೂ ಏಕೆಂದು ಕೇಳಲಿಲ್ಲ. ಕೇಳದ ಮಾತು ಎದೆಯೊಳಗೆ ಕಲ್ಲಾಗಿ ಕೂತಿತ್ತು. ಅದರ ಮೇಲೆ ವರ್ಷಗಳು ಹರಿದು ಅದು ನುಣ್ಣಗಾಗಿತ್ತೇ ಹೊರತು ಕರಗಿರಲಿಲ್ಲ.

ಆರನೆಯವನು ಒಪ್ಪುತ್ತಾನೆಯೇ?

ಉತ್ತರ ಅವಳಿಗೆ ತನ್ನ ಹೆಸರಿನಷ್ಟೇ ಚೆನ್ನಾಗಿ ಗೊತ್ತಿತ್ತು. ಅವಳು ಒಪ್ಪುತ್ತಾನೆ ಎಂದು ಒತ್ತಿದಳು.

ಆಮೇಲೆ ಸುಲಭವಾಯಿತು. ತಂಗಿ ಬೇರೆ ದಾರಿ ಹಿಡಿದರೆ ಬಿಟ್ಟುಕೊಡುತ್ತಾನೆಯೇ? ಕೊಡುತ್ತಾನೆ. ದಣಿದವನು ಸಾಕು ಅಂದರೆ ನಿಲ್ಲುತ್ತಾನೆಯೇ? ನಿಲ್ಲುತ್ತಾನೆ. ಏಳು ಮನೆ ಹತ್ತು ನಿಮಿಷದಲ್ಲಿ ತುಂಬಿತು. ರಶೀದಾ ಬಂದು ನೋಡಿ, ನಿಮ್ಮಣ್ಣ ಎಷ್ಟು ಮೃದು ಮೇಡಂ ಎಂದಳು. ಜಲಜಾಕ್ಷಿ ಚೀಲ ಹುಡುಕುತ್ತಾ, ಬಸ್ಸಿಗೆ ಹೊತ್ತಾಯಿತು ಅಂದಳು.

ಗುರುವಾರ ಅಶ್ವತ್ಥನ ಬಾಯಿಪೆಟ್ಟಿಗೆ ತಯಾರಾಯಿತು. ಊಟದ ಡಬ್ಬಿಯಷ್ಟು ದೊಡ್ಡದು, ಮುಂದೆ ಜರಡಿಯಂಥ ಬಾಯಿ. ದನಿಯನ್ನು ಆ ಕ್ಯಾಸೆಟ್ಟಿನ ತುದಿಯಲ್ಲಿ ಉಳಿದಿದ್ದ ಮಂಗಳದಿಂದಲೇ ಎತ್ತಿದ್ದರು. ರಶೀದಾ ಗುಂಡಿ ಒತ್ತಿದಳು.

"ಜಲಜಾ," ಅಂದಿತು ಪೆಟ್ಟಿಗೆ, "ಊಟ ಮಾಡ್ದ್ಯೇನೇ?"

ಇಪ್ಪತ್ತಾರು ವರ್ಷದ ಅಣ್ಣ. ಜಲಜಾಕ್ಷಿ ಕುರ್ಚಿಯ ಕೈ ಹಿಡಿದು ಕುಳಿತಳು. ಮಾತು ಶುರುವಾದದ್ದು ನಿಲ್ಲಲಿಲ್ಲ. ಬಸ್ಸಿನ ನೂಕುನುಗ್ಗಲು, ಮಂಡಿ ನೋವು, ಚಿನ್ನಸ್ವಾಮಿ ಹೋದದ್ದು, ಎಲ್ಲ ಹೇಳಿದಳು. ಪೆಟ್ಟಿಗೆ ಹೂಂಗುಟ್ಟಿತು, ಹೌದಾ ಅಂದಿತು, ನೀನು ದಣಿದಿದ್ದೀಯ ಜಲಜಾ ಅಂದಿತು. ಹಾಗೆ ಯಾರಾದರೂ ಅವಳಿಗೆ ಹೇಳಿ ಎಷ್ಟು ವರ್ಷವಾಗಿತ್ತೋ.

ಒಂದು ಪದ್ಯ ಓದಿಸಿ ನೋಡೋಣ ಎಂದು ರಶೀದಾಳಿಗೆ ಆಸೆಯಾಯಿತು. ಭಂಡಾರದ ಕಪಾಟಿನಲ್ಲಿದ್ದ ಯಾವುದೋ ಹಳೆಯ ಯುದ್ಧದ ಪರ್ವ ತೋರಿಸಿದಳು. ಪೆಟ್ಟಿಗೆ ಒಂದು ಕ್ಷಣವೂ ತಡೆಯದೆ ಎತ್ತಿಕೊಂಡಿತು. ಎಂಥ ದನಿ; ಕಾರಿಡಾರಿನಲ್ಲಿ ಹೋಗುತ್ತಿದ್ದವರು ಬಾಗಿಲಲ್ಲಿ ನಿಂತರು. ಸತ್ತ ಮಗನ ಮೈಮೇಲೆ ತಂದೆ ಬಿದ್ದು ಗೋಳಾಡುವ ಪದ್ಯಕ್ಕೆ ಬರುವಷ್ಟರಲ್ಲಿ ಮೇಲಧಿಕಾರಿಗಳ ಕರೆ ಬಂತು. ರಶೀದಾ, ಸಾಕು ನಿಲ್ಲಿಸಿ ಸರ್ ಅಂದಳು. ಪೆಟ್ಟಿಗೆ ಅಲ್ಲೇ, ಅರ್ಧ ಸಾಲಿನಲ್ಲಿ, ನಿಲ್ಲಿಸಿತು.

"ಆಗಲಿ," ಅಂದಿತು.

ಜಲಜಾಕ್ಷಿಯ ಕೈ ತಾನಾಗಿ ಮೇಲೆದ್ದಿತ್ತು, ತಡೆಯಿರಿ ಅನ್ನುವವಳ ಹಾಗೆ. ಅದನ್ನು ಮೆಲ್ಲಗೆ ಮಡಿಲಿಗೆ ಇಳಿಸಿಕೊಂಡಳು. ಏನಾಯಿತು ಮೇಡಂ ಎಂದು ರಶೀದಾ ಕೇಳಿದಳು. ಏನಿಲ್ಲ ಅಂದಳು. ಮನೆಗೆ ಹೋಗುವಾಗ ಮೂರು ಬಸ್ಸಿನಲ್ಲೂ ಆ ಸತ್ತ ಹುಡುಗ ನೆಲದ ಮೇಲೆ ಹಾಗೇ ಮಲಗಿದ್ದ. ಯಾರೂ ಅವನನ್ನು ಎತ್ತಲಿಲ್ಲ.

ಆದರೂ ಅವಳು ಬಾಯಿ ಬಿಡಲಿಲ್ಲ. ಐವತ್ತೇಳನೆಯ ಮನೆ ತಪ್ಪು, ಅಲ್ಲಿಂದ ಮುಂದಿನದೆಲ್ಲ ತಪ್ಪು ಎಂದು ಒಂದು ಮಾತು ಹೇಳಿದರೆ ರಶೀದಾ ತಿದ್ದುತ್ತಿದ್ದಳು. ಹೇಳಿದರೆ ಮನೆಗೆ ಬರುವ ಅಣ್ಣ ಮತ್ತೆ ಆ ಹಳೆಯ ಅಣ್ಣನೇ. ಅವಳಿಗೆ ಈಗ ಯಾರ ಹಠವನ್ನೂ ಹೊರುವ ಹೆಗಲಿರಲಿಲ್ಲ. ಹೇಳಿದ ಮಾತಿಗೆ ಒಂದು ಮರುಮಾತು ಬಂದರೆ ಸಾಕಿತ್ತು.

ಉಳಿದದ್ದು ಒಂದೇ, ಅಶ್ವತ್ಥನ ಒಪ್ಪಿಗೆ. ಬದುಕಿರುವವರ ಪರವಾಗಿ ಪೆಟ್ಟಿಗೆ ಮಾತಾಡಬೇಕಾದರೆ ಅವರ ಎದುರೇ ಅದನ್ನು ಮಾತಾಡಿಸಿ ಕೇಳಿಸಿ, ಸಾಕ್ಷಿಯ ಮುಂದೆ ಒಪ್ಪಿಗೆ ಕೇಳಬೇಕೆಂದು ಕಾಯಿದೆ. ತಲೆಯಾಡಿಸಿದರೆ ಸಾಕು. ಅದಕ್ಕೇನು ಎಂದು ಜಲಜಾಕ್ಷಿ ನಿಶ್ಚಿಂತಳಾಗಿದ್ದಳು. ತಲೆಯಾಡಿಸುವುದೊಂದೇ ತಾನೇ ಅವನಿಗೆ ಬರುವುದು.

ಶನಿವಾರ ಸಂಜೆ ರಶೀದಾ ಪೆಟ್ಟಿಗೆ ಹಿಡಿದು ಮೆಟ್ಟಿಲು ಹತ್ತಿ ಬಂದಳು. ಜಲಜಾಕ್ಷಿ ಅಣ್ಣನಿಗೆ ಒಗೆದ ಪಂಚೆ ಉಡಿಸಿ, ತಲೆ ಬಾಚಿ, ವಿಭೂತಿ ಇಟ್ಟಿದ್ದಳು. ದೇವರ ಮುಂದೆ ದೀಪ ಹಚ್ಚಿಯಾಗಿತ್ತು. ಸಾಕ್ಷಿಗೆಂದು ಪುಟ್ಟಗೌರಮ್ಮ ಬಂದು ಗೋಡೆಗೊರಗಿ ಕುಳಿತಳು. ರಶೀದಾ ಪೆಟ್ಟಿಗೆಯನ್ನು ಅಶ್ವತ್ಥನ ಎದುರಿನ ಸ್ಟೂಲಿನ ಮೇಲಿಟ್ಟು, ಮುದುಕನಿಗೆ ಅರ್ಥವಾಗುವಂತೆ ನಿಧಾನವಾಗಿ ಎಲ್ಲವನ್ನೂ ವಿವರಿಸಿದಳು. ಅವನು ತಲೆಯಾಡಿಸುತ್ತಾ ಕೇಳಿದ. ಪುಟ್ಟಗೌರಮ್ಮ, ಆಯ್ತಲ್ಲ, ಬರ್ಕೊಳ್ಳವ್ವಾ ಅಂದಳು. ಇನ್ನೂ ಕೇಳಿಲ್ಲ ಎಂದು ರಶೀದಾ ನಕ್ಕು ಪೆಟ್ಟಿಗೆಯ ಗುಂಡಿ ಒತ್ತಿದಳು.

"ಸರ್, ಇವರ ಪರವಾಗಿ ಮಾತಾಡೋಕೆ ನೀವು ಸಿದ್ಧವಾ?"

"ಆಗಲಿ," ಅಂದಿತು ಪೆಟ್ಟಿಗೆ. "ಜಲಜ ಹೇಗೆ ಹೇಳ್ತಾಳೋ ಹಾಗೆ."

ಆಡುತ್ತಿದ್ದ ಅಶ್ವತ್ಥನ ತಲೆ ನಿಂತಿತು.

ಅವನು ಪೆಟ್ಟಿಗೆಯ ಕಡೆ ನೋಡಲಿಲ್ಲ. ತಂಗಿಯನ್ನು ನೋಡಿದ. ಮೂರು ವರ್ಷದಲ್ಲಿ ಅವನು ಅಷ್ಟು ಹೊತ್ತು ಅವಳ ಮುಖ ನೋಡಿದ್ದು ಅವಳಿಗೆ ನೆನಪಿರಲಿಲ್ಲ. ಅವಳೇ ಕಣ್ಣು ತಪ್ಪಿಸಿ ಸೆರಗಿನ ಅಂಚು ಸರಿಮಾಡಿಕೊಂಡಳು. ರಶೀದಾ ಕಾಗದ ನೋಡಿಕೊಂಡು, ಒಪ್ಪಿಗೆಯನ್ನು ಮನೆಯವರೇ ಕೇಳಬೇಕು ಮೇಡಂ ಅಂದಳು.

ಜಲಜಾಕ್ಷಿ ಅಣ್ಣನ ಕುರ್ಚಿಯ ಪಕ್ಕ ನೆಲದ ಮೇಲೆ ಕುಳಿತಳು. ಕುಳಿತರೆ ಏಳುವುದು ಕಷ್ಟವೆಂದು ಗೊತ್ತಿದ್ದೂ ಕುಳಿತಳು. ಕೇಳಬೇಕಾದ ಮಾತನ್ನು ಕಾಗದದಲ್ಲಿದ್ದಂತೆಯೇ ಕೇಳಿದಳು. ಅವನ ತಲೆ ಅಲ್ಲಾಡಲಿಲ್ಲ. ದೀಪದ ಬತ್ತಿ ಚಟಪಟ ಅಂದಿತು. ಕೇಳಿಸಲಿಲ್ಲವೇನೋ ಎಂದು ಪುಟ್ಟಗೌರಮ್ಮ ಮೆಲ್ಲಗೆ ಅಂದಳು. ಜಲಜಾಕ್ಷಿ ಇನ್ನೊಮ್ಮೆ ಕೇಳಿದಳು, ಅದಕ್ಕೂ ಇಲ್ಲ.

"ಅಣ್ಣಯ್ಯ," ಅಂದಳು. ಈಗ ಅವಳ ದನಿಯಲ್ಲಿ ಕಾಗದದ ಮಾತಿರಲಿಲ್ಲ. "ನೀನು ಆವತ್ತು ರುಜು ಹಾಕ್ಲಿಲ್ಲ. ನಾನೊಂದು ಮಾತಾಡಿದ್ನಾ? ಐವತ್ತು ವರ್ಷ ಆಯ್ತು, ಆಡ್ಲಿಲ್ಲ. ಪಟ್ಟೀಲಿ ನೀನು ಒಪ್ಕೊಂಡೆ ಅಂತ ನಾನೇ ಒತ್ತಿದೀನಿ. ಹೌದು, ಸುಳ್ಳೇ. ನಂಗೆ ಸಾಕಾಗಿದೆ ಅಣ್ಣಯ್ಯ. ಈ ಮನೇಲಿ ನಾನೊಬ್ಬಳೇ ಮಾತಾಡಿ ಮಾತಾಡಿ ಸಾಕಾಗಿದೆ. ನಿನ್ನ ದನೀಲಿ ಒಂದು ಹೌದು, ಒಂದು ಆಗಲಿ ಕೇಳ್ಕೊಂಡು ಇದ್ದುಬಿಡ್ತೀನಿ. ಇದೊಂದಕ್ಕೆ ಹೂಂ ಅನ್ನು."

ರಶೀದಾಳ ಪೆನ್ನು ಕಾಗದದ ಮೇಲೆ ನಿಂತಿತ್ತು. ಪುಟ್ಟಗೌರಮ್ಮ ಬಾಯಿಗೆ ಸೆರಗು ಹಿಡಿದಿದ್ದಳು.

ಅಶ್ವತ್ಥನ ಸ್ವಾಧೀನವಿದ್ದ ಕೈ ಎದ್ದು ಬಂದು ತಂಗಿಯ ತಲೆಯ ಮೇಲೆ ಕುಳಿತಿತು. ಅವನ ತುಟಿ ಒಂದು ಕಡೆಗೆ ಎಳೆಯಿತು, ಗಂಟಲಿನ ನರ ಉಬ್ಬಿತು. ಏನೋ ಮೇಲೆ ಬರುತ್ತಿತ್ತು, ಬಹಳ ಕೆಳಗಿನಿಂದ, ಒರಟಾಗಿ, ಹೆಜ್ಜೆ ಹೆಜ್ಜೆಗೆ ತಡೆಯುತ್ತಾ.

"ಒಲ್ಲೆ," ಅಂದ.